ಇಳಿಯಬೇಕಾದ ಸಾಲು

ನನಗೆ ಹಾಡು ಬರುವುದಿಲ್ಲ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ಮೇಷ್ಟ್ರು, 'ಸೋಮಶೇಖರ, ನೀನು ಬಾಯಿ ಆಡಿಸಿದರೆ ಸಾಕಪ್ಪ, ದನಿ ಬೇಡ' ಎಂದು ಕೈ ಮುಗಿದಿದ್ದರು. ಅಂಥ ನಾನು ನಮ್ಮ ದೊಡ್ಡವ್ವನಿಗೆ ಹಾಡು ಹೇಳಿಕೊಟ್ಟೆ. ನಗುವವರು ನಗಬಹುದು. ಪೂರ್ತಿ ಕೇಳಿಸಿಕೊಂಡು ನಗಿ, ಅಷ್ಟೇ ನಾನು ಕೇಳುವುದು.

ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡ್ ಎದುರು ನನ್ನದೊಂದು ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ, ನಾಮಕರಣ, ಮದುವೆ ಆಲ್ಬಂ; ಈಚೆಗೆ ಏಳೆಂಟು ವರ್ಷದಿಂದ ಮದುವೆಯ ಲೈವ್. ಬರಲಾಗದ ನೆಂಟರು ಕೂತಲ್ಲೇ ಧಾರೆ ನೋಡಿ, ಊಟ ಮಾತ್ರ ತಪ್ಪಿತು ಎಂದು ಕಾಮೆಂಟ್ ಹಾಕುತ್ತಾರೆ. ಸ್ಟುಡಿಯೋ ಹೆಸರಿನಲ್ಲಿ ಒಂದು ಚಾನೆಲ್ ಮಾಡಿ ಎಲ್ಲವನ್ನೂ ಅದಕ್ಕೇ ತುಂಬುತ್ತಿದ್ದೆ. ನನ್ನ ಹೊಟ್ಟೆಪಾಡು ಪೂರ್ತಿ ಆ ಚಾನೆಲ್ ಮೇಲೆ ನಿಂತಿದೆ. ದೊಡ್ಡವ್ವನ ಸೋಬಾನೆ ಪದಗಳನ್ನೂ ಅದರಲ್ಲೇ ಹಾಕುತ್ತಿದ್ದೆ.

ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ ಶಿವರುದ್ರಮ್ಮ. ಊರು ಹಾರನಹಳ್ಳಿ, ವಯಸ್ಸು ಎಪ್ಪತ್ತೆರಡು. ಅರಿಶಿನ ಹಚ್ಚುವುದಕ್ಕೊಂದು, ಬಳೆ ತೊಡಿಸುವುದಕ್ಕೊಂದು, ಬೀಗರನ್ನು ಗೇಲಿ ಮಾಡುವುದಕ್ಕೆ ಹತ್ತು, ಹೀಗೆ ಮದುವೆಯ ಯಾವ ಶಾಸ್ತ್ರಕ್ಕೂ ಅವಳ ಬಾಯಲ್ಲಿ ಪದ ಇದೆ. ಎಲ್ಲಕ್ಕೂ ದೊಡ್ಡದು ಹೆಣ್ಣೊಪ್ಪಿಸುವ ಪದ. ಹುಡುಗಿ ಗಂಡನ ಮನೆಗೆ ಹೊರಡುವಾಗ ಹೆಣ್ಣಿನ ಕಡೆಯ ಹಿರಿಯ ಹೆಂಗಸು ಬಾಗಿಲಲ್ಲಿ ನಿಂತು ಅದನ್ನು ಹಾಡಬೇಕು. ಅವಳು ಒಂದೊಂದು ಸಾಲು ಹಾಡಿದ ಹಾಗೆ ಉಳಿದ ಹೆಂಗಸರು ಅದನ್ನೇ ಎತ್ತಿಕೊಂಡು ಹಾಡುತ್ತಾರೆ. ಅದಕ್ಕೆ ಸೊಲ್ಲು ಹಿಡಿಯುವುದು ಎನ್ನುತ್ತಾರೆ. ಕೊನೆಯ ಸಾಲು ಮುಗಿಯುವವರೆಗೆ ನಮ್ಮ ಮನೆತನದ ಹುಡುಗಿ ಹೊಸ್ತಿಲು ದಾಟುವುದಿಲ್ಲ. ಹೊರಗೆ ಮಂತ್ರಿಯೇ ಕಾರಿನಲ್ಲಿ ಕಾಯುತ್ತಿದ್ದರೂ ದಾಟುವುದಿಲ್ಲ.

ತೊಳೆದ ಅಂಗಳ ಬಿಟ್ಟು, ಕಟ್ಟಿದ ಕರು ಬಿಟ್ಟು,
ಹೆತ್ತವಳ ಸೆರಗ ಬೆರಳಿಂದ ಬಿಟ್ಟು
ನಡೆದಾಳೆ ಮಗಳು ನಿಮ್ಮ ಮನೆಗೆ.

ಆ 'ನಿಮ್ಮ ಮನೆಗೆ' ಬಂದಾಗ ಧಾಟಿ ಕೆಳಕ್ಕೆ ಇಳಿಯುತ್ತದೆ. ತುಂಬಿದ ಕೊಡವನ್ನು ಸೊಂಟದಿಂದ ನೆಲಕ್ಕೆ ಇಳಿಸುವ ಹಾಗೆ, ನಿಧಾನಕ್ಕೆ. ತಾಯಂದಿರು ಅಳುವುದು ಅಲ್ಲೇ. ಅಷ್ಟು ಹೊತ್ತು ಎರಡನೇ ಪಂಕ್ತಿಗೆ ಅನ್ನ ಸಾಲುತ್ತದೋ ಇಲ್ಲವೋ ಎಂದು ಜಗಳವಾಡುತ್ತಿದ್ದ ಗಂಡಸರೂ ಅಲ್ಲಿ ಮೂಗು ಒರೆಸಿಕೊಳ್ಳುತ್ತಾರೆ. ನಾನು ಕ್ಯಾಮೆರಾ ಹಿಂದೆ ನಿಂತು ಎಷ್ಟು ಸಲ ಅತ್ತಿದ್ದೇನೋ ದೇವರಿಗೇ ಗೊತ್ತು.

ದೊಡ್ಡವ್ವನ ಜೊತೆ ಸೊಲ್ಲು ಹಿಡಿಯುತ್ತಿದ್ದ ಐದು ಜನರಲ್ಲಿ ಕೊನೆಯವಳಾದ ಪುಟ್ಟಮಲ್ಲಮ್ಮನೂ ಹೋದ ಮೇಲೆ ಆ ಪದ ಇವಳೊಬ್ಬಳ ಬಾಯಲ್ಲಿ ಉಳಿಯಿತು. ಅವಳಿಗೆ ಇದ್ದದ್ದು ಒಂದೇ ಆಸೆ. ಅವಳ ಮಗಳು ಸರ್ವಮಂಗಳ ಬೀಚನಹಳ್ಳಿಯಲ್ಲಿದ್ದಾಳೆ, ಗಂಡ ಡ್ಯಾಮಿನ ಕೆಲಸದಲ್ಲಿದ್ದಾನೆ. ಅವರಿಗೆ ಒಬ್ಬಳೇ ಮಗಳು, ಮಧುಶ್ರೀ.

'ನಮ್ಮವ್ವ ನನ್ನ ಕಳಿಸ್ದಂಗೆ, ನಾನು ಮಂಗಳನ್ನ ಕಳಿಸ್ದಂಗೆ, ಮಧೂನೂ ಒಂದು ಕಳಿಸ್ಬುಡ್ಬೇಕು ಕಣ್ಲಾ ಸೋಮ,' ಎನ್ನುತ್ತಿದ್ದಳು ದೊಡ್ಡವ್ವ. 'ಆಮ್ಯಾಲೆ ಗಂಟ್ಲು ಕಟ್ಕಂಡ್ರೂ ಕಟ್ಕಳ್ಲಿ. ನನ್ನ ಕೆಲ್ಸ ಆಯ್ತು.'

ಎರಡು ವರ್ಷದ ಹಿಂದೆ ಹಾರನಹಳ್ಳಿಯಲ್ಲೇ ಒಂದು ಮದುವೆ. ದೊಡ್ಡವ್ವ ಹೆಣ್ಣೊಪ್ಪಿಸುವ ಪದ ಎತ್ತಿಕೊಂಡಳು. ಎರಡು ನಿಮಿಷ ಆಗಿತ್ತೋ ಇಲ್ಲವೋ, ಲ್ಯಾಪ್‌ಟಾಪಿನಲ್ಲಿ ಲೈವ್ ಕಪ್ಪಾಯಿತು. ಕರೆಂಟು ಇದೆ, ನೆಟ್ ಇದೆ, ಚಿತ್ರ ಇಲ್ಲ. ಒಂದು ಸಂದೇಶ ಬಂದಿತ್ತು: ಈ ವಿಡಿಯೋದಲ್ಲಿರುವ ಹಾಡಿನ ಹಕ್ಕು ಬೇರೊಬ್ಬರದು, ಆದ್ದರಿಂದ ತಡೆಹಿಡಿಯಲಾಗಿದೆ. ಕೆಳಗೆ ಆ ಬೇರೊಬ್ಬರ ಹಾಡಿನ ಲಿಂಕು.

ಒತ್ತಿದೆ. ಮೊದಲು ಒಂದು ಕುಕ್ಕರಿನ ಜಾಹೀರಾತು. ಆಮೇಲೆ ಕಳಶದ ಚಿತ್ರ, ಅದರ ಹಿಂದಿನಿಂದ ಒಂದು ದನಿ. ದೊಡ್ಡವ್ವನದೇ ದನಿ! ನಲವತ್ತೈದು ವರ್ಷದವಳಾಗಿದ್ದಾಗಿನ ದನಿ, ಹಿಂದೆ ಪುಟ್ಟಮಲ್ಲಮ್ಮನ ಸೊಲ್ಲು.

'ಇದ್ಯಾವಾಗ ಹಾಡಿದ್ದು ದೊಡ್ಡವ್ವ?'

ಅವಳು ಫೋನನ್ನು ಕಿವಿಗೆ ಹಿಡಿದುಕೊಂಡು ಬಹಳ ಹೊತ್ತು ಕೇಳಿದಳು. 'ಕ್ಯಾಸೆಟ್ಟಿನೋನು ಬಂದಿದ್ನಲ್ಲ, ಮೈಸೂರಿಂದ. ಇಸ್ಕೂಲ್ಗೆ ರಜ ಇತ್ತು, ಅಲ್ಲೇ ಕೂರ್ಸಿ ಹಾಡಿಸ್ದ. ಒಬ್ಬೊಬ್ರಿಗೂ ಒಂದು ರವಿಕೆ ಬಟ್ಟೆ ಕೊಟ್ಟ, ಉಪ್ಪಿಟ್ಟು ಕೊಟ್ಟ.'

'ಸೈನ್ ಏನಾದ್ರೂ ಹಾಕಿಸ್ಕಂಡ್ನಾ?'

'ಯಾವ್ದೋ ಕಾಗ್ದಕ್ಕೆ ಎಬ್ಬೆಟ್ಟು ಒತ್ತಿಸ್ಕಂಡ. ಉಪ್ಪಿಟ್ಟು ಯಾರ್ಯಾರು ತಿಂದ್ರು ಅಂತ ಇರ್ಬೇಕು ಅಂದ್ಕಂಡೆ ಕಣೋ.'

ಆ ಕ್ಯಾಸೆಟ್ಟಿನವನು ಸತ್ತು, ಅವನ ಮಕ್ಕಳು ಟೇಪುಗಳನ್ನು ಯಾರಿಗೋ ಮಾರಿ, ಅವರು ಇನ್ಯಾರಿಗೋ ಮಾರಿ, ಈಚೆಗಷ್ಟೇ ಅವು ಹೆಸರೇ ಕೇಳದ ಒಂದು ಕಂಪನಿಯ ಕೈ ಸೇರಿವೆ. ಅಲ್ಲಿ ಕೂತು ಯಾರೂ ಹಾಡು ಕೇಳುವುದಿಲ್ಲ. ಕೇಳುವುದು ಮಿಷನ್ನು. ಅದು ಮಾತು ಹಿಡಿಯುವುದಿಲ್ಲ, ಧಾಟಿ ಹಿಡಿಯುತ್ತದೆ. ದೊಡ್ಡವ್ವ ಆಯಾ ಹುಡುಗಿಯ ಹೆಸರು, ಬೀಗರ ಊರು ಸೇರಿಸಿ ಪ್ರತಿ ಮದುವೆಗೂ ಬೇರೆಯಾಗಿಯೇ ಹಾಡುತ್ತಾಳೆ. ಅದಕ್ಕೆಲ್ಲ ಆ ಮಿಷನ್ನು ಕಿವುಡು.

ತಕರಾರು ಇದ್ದರೆ ಫಾರಂ ತುಂಬಿ ಎಂದಿತ್ತು. ತುಂಬಲು ಕೂತೆ. ನನ್ನ ತಲೆಯ ಮೇಲೆ ನಾನೇ ಚಪ್ಪಡಿ ಎಳೆದುಕೊಂಡದ್ದು ಅವತ್ತು. ಮೊದಲ ಪ್ರಶ್ನೆಯೇ, ಈ ಹಾಡಿನ ಮಾಲೀಕರು ನೀವೇ?

'ದೊಡ್ಡವ್ವ, ಈ ಪದ ನಿಂದೇ ಅಂತ ಬರೀಲಾ?'

ಅವಳು ಎರಡೂ ಕೆನ್ನೆ ಬಡಿದುಕೊಂಡಳು. 'ಲೋ, ಪದ ನಂದು ಅಂತ ಯಾವಳಾದ್ರೂ ಅಂದಾಳೇನ್ಲಾ? ನಮ್ಮವ್ವ ಅನ್ನಲಿಲ್ಲ, ಅವ್ರವ್ವ ಅನ್ನಲಿಲ್ಲ. ನಾನು ಅಂದ್ರೆ ಬಾಯಲ್ಲಿ ಹುಳ ಬಿದ್ದಾವು!'

ಇದು ಅವಳೊಬ್ಬಳ ಮಾತಲ್ಲ. ನಮ್ಮ ಮನೆತನದಲ್ಲಿ ಸೋಬಾನೆ ಹಾಡುವವರು ಮೊದಲು ನೆಲ ಮುಟ್ಟಿ, 'ಪದ ಹಿರೀಕರದು, ತಪ್ಪು ನನ್ನದು' ಎಂದೇ ಶುರುಮಾಡುತ್ತಾರೆ. ನಾನು ಅದನ್ನು ಕೇಳಿಕೊಂಡೇ ಬೆಳೆದವನು. 'ಹೌದು, ನಾನೇ ಮಾಲೀಕ' ಎಂದು ಒತ್ತಲು ನನ್ನ ಬೆರಳೂ ಏಳಲಿಲ್ಲ. ಅದೂ ಅಲ್ಲದೆ, ನಿಜ ಬರೆದರೆ ಎಂಥವರಿಗೂ ಅರ್ಥವಾಗುತ್ತದೆ ಎಂದುಕೊಂಡೆ, ಪೆದ್ದ ನನ್ನ ಮಗ. 'ಇದು ನಮ್ಮ ಸ್ವತ್ತಲ್ಲ. ಹಿರಿಯರಿಂದ ಬಂದದ್ದು. ಇನ್ಯಾರ ಸ್ವತ್ತೂ ಅಲ್ಲ. ನಾವು ಹಾಡುತ್ತೇವೆ ಅಷ್ಟೇ' ಎಂದು ಚೊಕ್ಕವಾಗಿ ಬರೆದು ಕಳಿಸಿದೆ.

ತರಿಸಿದ ಟೀ ಆರುವುದರೊಳಗೆ ಉತ್ತರ ಬಂತು. ಹಾಡು ತಮ್ಮ ಸ್ವತ್ತಲ್ಲವೆಂದು ತಾವೇ ಒಪ್ಪಿರುವುದರಿಂದ ತಕರಾರು ವಜಾ. ವಿಡಿಯೋ ತೆಗೆದುಹಾಕಲಾಗಿದೆ. ಚಾನೆಲ್ಲಿಗೆ ಒಂದು ಸ್ಟ್ರೈಕ್. ಮೂರಾದರೆ ಚಾನೆಲ್ಲೇ ಇರುವುದಿಲ್ಲ.

ಹುಣಸೂರಿನ ವಕೀಲರೊಬ್ಬರಿಗೆ ತೋರಿಸಿದೆ. ಅವರು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. 'ಏನ್ರೀ ಸೋಮಶೇಖರ್, ಎದುರು ಪಾರ್ಟಿಗೆ ನೀವೇ ಹೋಗಿ ಸಾಕ್ಷಿ ಹೇಳ್ಬುಟ್ಟಿದ್ದೀರಲ್ರೀ! ನಂದೇ ಅಂತ ಒಂದು ಸುಳ್ಳು ಒತ್ತಿದ್ರೆ ಮುಗೀತಿತ್ತು.' ಈಗ ಒತ್ತಬಹುದೇ ಎಂದರೆ, ಆ ಹಾಡಿನ ತಕರಾರು ಮುಗಿದ ಅಧ್ಯಾಯ, ಆ ಗುಂಡಿಯೇ ಅಲ್ಲಿಂದ ಮಾಯವಾಗಿತ್ತು. ಕಂಪನಿಗೆ ಬರೆದೆ, ಚಾನೆಲ್‌ನವರಿಗೆ ಬರೆದೆ. ದೊಡ್ಡವ್ವನ ಆಧಾರ್ ಕಾರ್ಡ್ ಕಳಿಸಿ, ಆ ದನಿ ಇವಳದೇ ಸ್ವಾಮಿ, ಇನ್ನೂ ಬದುಕಿದ್ದಾಳೆ ಎಂದು ಬೇಡಿಕೊಂಡೆ. ಪ್ರತಿ ಸಲವೂ ಒಂದೇ ಉತ್ತರ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಅಂತ. ಫೋನ್ ನಂಬರ್ ಇಲ್ಲ, ಮುಖ ಇಲ್ಲ, ಹೋಗಿ ಮೇಜು ಕುಟ್ಟೋಣ ಎಂದರೆ ಒಂದು ಮೇಜೂ ಇಲ್ಲ. ಥೂ, ಗೋಡೆಗಾದರೂ ಹಣೆ ಚಚ್ಚಿಕೊಳ್ಳಬಹುದು, ಇದಕ್ಕೆ ಗೋಡೆಯೂ ಇಲ್ಲ.

ಅಷ್ಟರಲ್ಲಿ ಇನ್ನೊಂದು ಮದುವೆಯ ಲೈವಿನಲ್ಲಿ ಚಾನೆಲ್ ಕೇಳಿ ಅರೆಬರೆ ಕಲಿತ ಯಾರೋ ಹೆಂಗಸರು ಅದೇ ಧಾಟಿ ಎತ್ತಿದರು. ಎರಡನೇ ಸ್ಟ್ರೈಕ್. ಅಲ್ಲಿಂದ ಮುಂದೆ ನನ್ನ ಸ್ಥಿತಿ ನಾಯಿಗೂ ಬೇಡ. ಮದುವೆ ಮನೆಯಲ್ಲಿ ಯಾವಳಾದರೂ ಅಜ್ಜಿ ಗಂಟಲು ಸರಿಮಾಡಿಕೊಂಡರೆ ಸಾಕು, ಮೈಕ್ ಆಫ್ ಮಾಡಲು ಓಡುತ್ತಿದ್ದೆ.

ಆ ಪದವನ್ನು ಚಾನೆಲ್ಲಿಗೆ ಹಾಕದೆ ಸುಮ್ಮನಿರಬಹುದಿತ್ತು. ಚಾನೆಲ್ ನೋಡಿ ಪದ ಕಲಿಯುವ ಹುಡುಗಿಯರಿಗೆ ವಾಟ್ಸಾಪಿನಲ್ಲಿ ಕಳಿಸಬಹುದಿತ್ತು. ಈಗ ನೀವು ಹೇಳುವುದನ್ನೆಲ್ಲ ನಾನೇ ನನಗೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಆ ಪದ ಕೇಳಿಯೇ ಎಷ್ಟೋ ಜನ ನನ್ನನ್ನು ಮದುವೆಗೆ ಗೊತ್ತುಮಾಡುತ್ತಿದ್ದರು. 'ಹೆಣ್ಣೊಪ್ಪಿಸೋ ಪದದ ಸ್ಟುಡಿಯೋನೋರಾ?' ಎಂದೇ ಎಚ್.ಡಿ. ಕೋಟೆಯಿಂದ ಫೋನ್ ಬರುತ್ತಿತ್ತು. ಅದನ್ನು ಬಿಡಲು ನನಗೆ ಮನಸ್ಸಾಗಲಿಲ್ಲ.

ಆಗ ಒಂದು ಉಪಾಯ ಹೊಳೆಯಿತು. ವಿಡಿಯೋವನ್ನು ಯಾರಿಗೂ ಕಾಣದಂತೆ ಹಾಕಿದರೆ ಮಿಷನ್ನು ಮೊದಲೇ ಪರೀಕ್ಷೆ ಮಾಡಿ ಹೇಳುತ್ತದೆ. ಹಳದಿ ಗುರುತು ಬಂದರೆ ಸಿಕ್ಕಿಬಿದ್ದೆವು, ಹಸಿರು ಬಂದರೆ ಪಾರಾದೆವು. ಧಾಟಿಯನ್ನೇ ಚೂರು ತಿರುಚಿದರೆ? ದೊಡ್ಡವ್ವನ ಜಗಲಿಯ ಮೇಲೆ ಮೈಕ್ ಇಟ್ಟೆ. ಮೊದಲ ಸಾಲಿನ ಎಳೆತ ಕತ್ತರಿಸಿದೆ, ಹಳದಿ. ಎರಡನೆಯದನ್ನು ಬೇಗ ಹಾಡಿಸಿದೆ, ಹಳದಿ. ಹನ್ನೊಂದು ಸಲ ಹಳದಿ. ಮಿಷನ್ನು ಆ ಇಳಿಯುವ ಜಾಗವನ್ನೇ ಗಟ್ಟಿಯಾಗಿ ಹಿಡಿದುಕೊಂಡಿತ್ತು.

'ಕೊನೇ ಸಾಲು ಇಳಿಸ್ಬೇಡ ದೊಡ್ಡವ್ವ. ಏರ್ಸು.'

'ಏರ್ಸಿದ್ರೆ ಕರೆದಂಗಾಯ್ತದೆ ಕಣ್ಲಾ, ಕಳಿಸ್ದಂಗಾಗಕಿಲ್ಲ.'

'ಮಿಷನ್ಗೆ ಅದೆಲ್ಲ ಗೊತ್ತಾಗಲ್ಲ ಬುಡು.'

'ಮಿಷನ್ಗೆ ಗೊತ್ತಾಗಕಿಲ್ಲ. ಹೆಣ್ಣಿಗೆ?'

ನಾನು ಹಟ ಬಿಡಲಿಲ್ಲ. ನನ್ನ ಕಾಗೆ ದನಿಯಲ್ಲಿ ನಾನೇ ಏರಿಸಿ ತೋರಿಸಿದೆ. ಅವಳು ಮೊದಲು ನಕ್ಕಳು, ಆಮೇಲೆ ಬೈದಳು, ಆಮೇಲೆ ಹಾಡಿದಳು. ಹಸಿರು ಬಂತು. ನಾನು ಜಗಲಿಯಿಂದ ಎಗರಿ ಕುಣಿದೆ.

'ಆಯ್ತು, ಇದು ಮಿಷನ್ಗೆ ಇರ್ಲಿ,' ಎಂದಳು ದೊಡ್ಡವ್ವ. 'ಊರೂರಿನ ಹೆಣ್ಮಕ್ಳು ಮಾತಾದ್ರೂ ಕಲೀಲಿ. ನಮ್ಮ ಧಾಟಿ ನನ್ನ ಹೊಟ್ಟೇಲಿ ಇರ್ತದೆ, ಮಧೂನ ಕಳ್ಸೋ ದಿನ ತೆಗೀತೀನಿ.'

ಹದಿನಾಲ್ಕು ತಿಂಗಳು ಅವಳು ನನ್ನ ಲೈವ್ ಇದ್ದ ಮದುವೆ ಮದುವೆಯಲ್ಲೂ ಹಾಗೇ ಹಾಡಿದಳು. ಮೊದಮೊದಲು ಕೊನೆಯ ಸಾಲು ಬಂದಾಗ ದನಿ ತಾನಾಗಿ ಕೆಳಕ್ಕೆ ಜಾರುತ್ತಿತ್ತು. ಜಾರುವ ಮುಂಚೆ ನಾನು ಕ್ಯಾಮೆರಾ ಹಿಂದಿನಿಂದ ಕೈ ಮೇಲಕ್ಕೆತ್ತುತ್ತಿದ್ದೆ, ಅವಳು ಬೆಚ್ಚಿ ದನಿ ಏರಿಸುತ್ತಿದ್ದಳು. ಬರುಬರುತ್ತ ಕೈ ಎತ್ತುವ ಅಗತ್ಯವೇ ಬೀಳಲಿಲ್ಲ. ನಾನು ಖುಷಿಪಟ್ಟೆ. ಆ ಜಾಗದಲ್ಲಿ ಜನ ಅಳುವುದು ನಿಂತು ಚಪ್ಪಾಳೆ ತಟ್ಟತೊಡಗಿದ್ದರು. ಅದಕ್ಕೂ ಖುಷಿಪಟ್ಟೆ ನೋಡಿ. ಬೀಚನಹಳ್ಳಿಯ ಪುಟ್ಟಿ ಎಂಬ ಹುಡುಗಿ, ಮಧುಶ್ರೀಯ ಗೆಳತಿ, ಚಾನೆಲ್ ನೋಡಿ ಕಲಿತು ತಾನು ಹಾಡಿದ್ದನ್ನು ಕಳಿಸಿದಳು. ಏರಿಸಬೇಕಾದಲ್ಲಿ ಚೆಂದವಾಗಿ ಏರಿಸಿದ್ದಳು. ದೊಡ್ಡವ್ವನಿಗೆ ಕೇಳಿಸಿದೆ.

'ಚೆನ್ನಾಗಿ ಕಲ್ತವ್ಳೆ,' ಎಂದಳು. ಅವತ್ತು ಮಧ್ಯಾಹ್ನ ಊಟ ಬೇಡವೆಂದಳು.

ಮಧುಶ್ರೀಯ ಮದುವೆ ಒಂದು ಭಾನುವಾರ ಹುಣಸೂರಿನ ಛತ್ರದಲ್ಲಿ ಆಯಿತು. ಗಂಡು ಕೆ.ಆರ್. ನಗರದವನು. ಹಿಂದಿನ ದಿನವೇ ದೊಡ್ಡವ್ವ ನನ್ನ ಕೈ ಹಿಡಿದುಕೊಂಡು ಹೇಳಿದ್ದಳು. 'ನಾಳೀಕೆ ಎಲ್ಲಾ ಹಿಡ್ಕೊ, ಹೆಣ್ಣೊಪ್ಪಿಸಾಗ ಮಾತ್ರ ನಿನ್ನ ಪೆಟ್ಗೆ ಮುಚ್ಚು. ನಮ್ಮ ಧಾಟೀಲಿ ಕಳಿಸ್ತೀನಿ ನನ್ನ ಮೊಮ್ಮಗಳ್ನ.' ನಾನು ಆಣೆ ಮಾಡಿದೆ.

ನಾಲ್ಕು ಗಂಟೆ ದಾಟಿತ್ತು. ನಾಲ್ಕೂವರೆಗೆ ರಾಹುಕಾಲ, ಅಷ್ಟರೊಳಗೆ ಹೆಣ್ಣು ಹೊರಡಬೇಕೆಂದು ಬೀಗರು ಅವಸರ ಮಾಡುತ್ತಿದ್ದರು. ನಾನು ಲೈವ್ ನಿಲ್ಲಿಸಿದೆ, ಕ್ಯಾಮೆರಾ ಆಫ್ ಮಾಡಿದೆ, ಮೈಕಿನ ವೈರನ್ನೇ ಕಿತ್ತು ದೊಡ್ಡವ್ವನಿಗೆ ತೋರಿಸಿದೆ. ಅವಳು ಬಾಗಿ ನೆಲ ಮುಟ್ಟಿದಳು. ಮಧುಶ್ರೀ ಹೊಸ್ತಿಲ ಒಳಗೆ ನಿಂತಿದ್ದಳು, ಪಕ್ಕದಲ್ಲಿ ಮಂಗಳ, ಹಿಂದೆ ಪುಟ್ಟಿ ಮತ್ತು ಇನ್ನೂ ಆರೇಳು ಹುಡುಗಿಯರು ಸೊಲ್ಲಿಗೆ.

ದೊಡ್ಡವ್ವ ಬಾಯಿ ತೆರೆದದ್ದೇ ತಡ, ಛತ್ರದ ತುಂಬ ಫೋನುಗಳು ಎದ್ದವು. ನನ್ನ ಕ್ಯಾಮೆರಾ ಒಂದನ್ನು ಮುಚ್ಚಿದ್ದೆ. ಆ ನೂರು ಫೋನುಗಳನ್ನು ಯಾರು ಮುಚ್ಚಿಸಬೇಕು? ದೊಡ್ಡವ್ವ ಅವುಗಳನ್ನು ನೋಡಿದಳು, ನನ್ನನ್ನು ನೋಡಿದಳು. ಮೊದಲ ಸಾಲು ಸರಿ ಹೋಯಿತು. ಎರಡನೆಯದೂ ಸರಿಯೇ. 'ನಡೆದಾಳೆ ಮಗಳು' ಬಂತು. 'ನಿಮ್ಮ ಮನೆಗೆ' ಏರಿತು.

ಅವಳು ನಿಲ್ಲಿಸಿದಳು. ತಲೆ ಕೊಡವಿ ಮತ್ತೆ ಮೊದಲಿಂದ ಎತ್ತಿಕೊಂಡಳು. ಮತ್ತೆ ಏರಿತು. ನಾನು ಕಂಬದ ಹಿಂದೆ ನಿಂತು, ಇಳಿಸು ದೊಡ್ಡವ್ವ, ಇಳಿಸು ಎಂದು ಕೈಯನ್ನು ಕೆಳಕ್ಕೆ ಕೆಳಕ್ಕೆ ಒತ್ತಿ ತೋರಿಸಿದೆ. ಅವಳು ನನ್ನ ಕೈಯನ್ನೇ ನೋಡುತ್ತ ಹಾಡಿದಳು. ಕೈ ಕಂಡರೆ ಏರಿಸಬೇಕೆಂದು ನಾನೇ ಅಲ್ಲವೇ ಅಭ್ಯಾಸ ಮಾಡಿಸಿದ್ದು? ಮೂರನೇ ಸಲವೂ ಏರಿತು.

'ಅವ್ವ, ಅದಲ್ಲ ಕಣವ್ವ,' ಎಂದಳು ಮಂಗಳ ಮೆಲ್ಲಗೆ. 'ನನ್ನ ಕಳಿಸ್ದಾಗ ಹಾಡಿದ್ಯಲ್ಲ, ಅದು.'

'ಗೊತ್ತು ಕಣೇ. ಬತ್ತಾ ಇಲ್ಲ. ಇಲ್ಲೇ ಇತ್ತು. ಬತ್ತಾ ಇಲ್ಲ.' ಅವಳ ಕೈ ಗಂಟಲನ್ನು ಹಿಡಿದುಕೊಂಡಿತ್ತು.

'ನೀನೇ ಒಂದು ಸಾಲು ಎತ್ಕೊಡೇ ಮಂಗಳಾ,' ಎಂದಳು ಯಾರೋ ಹೆಂಗಸು. ಮಂಗಳ ಬಾಯಿ ತೆರೆದಳು, ಮುಚ್ಚಿದಳು. ತಾಯಿ ಹಾಡುವಾಗ ಅಳುವುದಷ್ಟೇ ಅವಳ ಪಾಲಿಗೆ ಬಂದದ್ದು, ಹಾಡುವುದಲ್ಲ. ಪುಟ್ಟಿಗೆ ಏನು ತಿಳಿಯಿತೋ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಫೋನು ತೆಗೆದು ಹುಡುಕಿದಳು. 'ಅಜ್ಜೀ, ನಿಮ್ಮ ಹಳೇ ಹಾಡು ಇಲ್ಲೈತೆ, ಹಾಕ್ತೀನಿ, ಅದ್ರ ಜೊತೆ ಹಾಡಿ.' ಯಾವುದೋ ಸೋಪಿನ ಜಾಹೀರಾತು ಬಂತು, ಛತ್ರದ ಬಾಗಿಲಲ್ಲಿ ನಾವೆಲ್ಲ ಅದು ಮುಗಿಯಲಿ ಎಂದು ಕಾದೆವು. ಆಮೇಲೆ ಆ ದನಿ ಬಂತು. ಗಟ್ಟಿ ದನಿ, ತೊಳೆದ ಅಂಗಳ ಬಿಟ್ಟು, ಕಟ್ಟಿದ ಕರು ಬಿಟ್ಟು. ಹಿಂದೆ ಪುಟ್ಟಮಲ್ಲಮ್ಮ. ಮಂಗಳನ ಕಣ್ಣಲ್ಲಿ ಆಗಲೇ ನೀರು. ದೊಡ್ಡವ್ವನ ತುಟಿ ಅದರ ಜೊತೆ ಆಡಿತು, ಅರೆಗಳಿಗೆ ಮುಖ ಅರಳಿತು. ಇನ್ನೇನು ಆ ಸಾಲು ಬರಬೇಕು, ಅವಳ ಕಣ್ಣು ಎದ್ದುನಿಂತ ಫೋನುಗಳ ಕಡೆ ಹೋಯಿತು.

'ನಿಲ್ಸವ್ವ!' ಎಂದು ಕೂಗಿದಳು. 'ನಿಲ್ಸು, ನಿಲ್ಸು. ಅದು ಅವ್ರದು. ಸೋಮನ್ಗೆ ತೊಂದ್ರೆ ಆಯ್ತದೆ.'

ಪುಟ್ಟಿ ಹೆದರಿ ಫೋನು ಆರಿಸಿದಳು. ಹೊರಗೆ ಕಾರಿನವನು ಹಾರ್ನ್ ಒತ್ತಿದ. ರಾಹುಕಾಲಕ್ಕೆ ಐದು ನಿಮಿಷ ಎಂದು ಬೀಗರ ಕಡೆಯ ಯಾರೋ ಹೇಳಿದರು. ನಾನು ಹೋಗಿ, ನನಗೇನೂ ಆಗಲ್ಲ ದೊಡ್ಡವ್ವ, ಚಾನೆಲ್ ಹಾಳಾಗಿ ಹೋಗಲಿ, ಕೇಳಿಸ್ಕೊ ಎನ್ನಬೇಕಿತ್ತು. ನಾಲ್ಕು ಹೆಜ್ಜೆ ಇಡಲು ಆಗಲಿಲ್ಲ ನನ್ನ ಯೋಗ್ಯತೆಗೆ.

ದೊಡ್ಡವ್ವ ಸೆರಗಿನಿಂದ ಮುಖ ಒರೆಸಿಕೊಂಡು ಹುಡುಗಿಯರ ಕಡೆ ತಿರುಗಿ, 'ಹಿಡ್ಕಳ್ರವ್ವ ಸೊಲ್ಲ' ಎಂದಳು. ನಾಲ್ಕನೇ ಸಲ ಹಾಡಿದಳು. ಎಲ್ಲೂ ತಡವರಿಸಲಿಲ್ಲ. ಕೊನೆಯ ಸಾಲನ್ನು ನಾನು ಹೇಳಿಕೊಟ್ಟ ಹಾಗೆ ಏರಿಸಿದಳು, ಹುಡುಗಿಯರು ಅಷ್ಟೇ ಚೆನ್ನಾಗಿ ಏರಿಸಿ ಎತ್ತಿಕೊಂಡರು. ಮಧುಶ್ರೀ ಹೊಸ್ತಿಲು ದಾಟಿದಳು. ಜನ ಚಪ್ಪಾಳೆ ತಟ್ಟಿದರು.

ಕಾರು ಹೋಯಿತು. ಎಲ್ಲರೂ ಕಾಫಿಗೆ ಹೋದರು. ನಾನು ಟ್ರೈಪಾಡ್ ಮಡಚುತ್ತಿದ್ದೆ. ಮಂಗಳ ನನ್ನ ಹತ್ತಿರ ಬಂದು ನಿಂತಳು. ಅವಳು ಬೈಯಲಿ ಎಂದು ಕಾದೆ, ಎರಡು ಏಟು ಹೊಡೆದರೂ ಸಮಾಧಾನವಾಗುತ್ತಿತ್ತು. ಅವಳ ಕಣ್ಣು ಒಣಗಿದ್ದವು.

'ಅಳು ಬರ್ಲಿಲ್ಲ ಕಣೋ ಅಣ್ಣ,' ಎಂದಳು. 'ಇದ್ದೊಬ್ಬ ಮಗಳು ಹೋದ್ಲು, ನಂಗೆ ಅಳು ಬರ್ಲಿಲ್ಲ. ಅವಳ್ನ ನಮ್ಮವ್ವ ಕಳಿಸ್ಲಿಲ್ಲ. ನೀನು ಕಳಿಸ್ದೆ.'